ಅಂಗಳದ ಅಂಚಿನಿಂದ ಕಂಡ ಕ್ರಿಸ್ಮಸ್

(ವಿರಾಜಪೇಟೆಯ ಓದುಗರ ಕೂಟವೊಂದರಲ್ಲಿ ಡಿಸೆಂಬರ್ 23ರ ಸಂಜೆ ಮಾಡಿದ ಉಪನ್ಯಾಸದ ಬರಹ ರೂಪ)

ಹಿರಿಯರೇ, ಗೆಳೆಯರೇ, ಇಲ್ಲಿ ಕುಳಿತಿರುವ ನನ್ನ ಹಳೆಯ ವಿದ್ಯಾರ್ಥಿಗಳೇ,

ಕ್ರಿಸ್ಮಸ್ ಕುರಿತು ಮಾತನಾಡಬೇಕೆಂದು ಕೇಳಿದಾಗ ನಾನು ಮೊದಲು ಒಪ್ಪಲಿಲ್ಲ. ನಾನು ಕ್ರೈಸ್ತಳಲ್ಲ. ಅರೆಭಾಷೆ ಗೌಡರ ಮನೆಯಲ್ಲಿ ಹುಟ್ಟಿ, ನಮ್ಮ ಸುಗ್ಗಿ ಹಬ್ಬವಾದ ಹುತ್ತರಿಯ ಕದಿರನ್ನು ಬಾಗಿಲಿಗೂ ಕಣಜಕ್ಕೂ ಕಟ್ಟುವುದನ್ನು ನೋಡಿ ಬೆಳೆದವಳು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಆದರೆ ಹನ್ನೆರಡು ವರ್ಷಗಳ ಹಿಂದೆ ನನ್ನ ಮಗ ಇದೇ ಊರಿನ ಕೆಥೋಲಿಕ್ ಮನೆಯ ಹುಡುಗಿಯನ್ನು ಮದುವೆಯಾದ. ಅಂದಿನಿಂದ ಪ್ರತಿ ವರ್ಷ ಡಿಸೆಂಬರ್ 24ರ ರಾತ್ರಿ, ಶಾಲು ಹೊದ್ದು, ಸಂತ ಅನ್ನಮ್ಮನವರ ದೇವಾಲಯದ ಕೊನೆಯ ಬೆಂಚಿನಲ್ಲಿ ಕುಳಿತಿರುತ್ತೇನೆ. ಹೋಗಲು ನನಗೆ ಇಷ್ಟವಿದೆ, ಹೋಗಿ ಕುಳಿತ ಮೇಲೆ ಮನಸ್ಸು ಒಂದೇ ಕಡೆ ನಿಲ್ಲುವುದಿಲ್ಲ. ಹೀಗೇಕೆ ಎಂದು ನನಗೆ ನಾನೇ ಕೇಳಿಕೊಂಡದ್ದನ್ನು ನಿಮ್ಮ ಮುಂದೆ ಹೇಳಬಹುದೆನ್ನಿಸಿದ್ದರಿಂದ ಬಂದಿದ್ದೇನೆ.

ನನ್ನ ಮೊದಲ ಕ್ರಿಸ್ಮಸ್ ಇಗರ್ಜಿಯಲ್ಲಿ ಆದದ್ದಲ್ಲ, ಬಂಗಲೆಯ ಅಂಗಳದಲ್ಲಿ ಆದದ್ದು. 1960ರ ದಶಕದಲ್ಲಿ ಅಪ್ಪ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು, ಅಂದರೆ ಲೆಕ್ಕ ಬರೆಯುವ ಗುಮಾಸ್ತರು. ಸ್ವಾತಂತ್ರ್ಯ ಬಂದು ಹದಿನೈದು ವರ್ಷ ಕಳೆದಿದ್ದರೂ ಆ ತೋಟದ ಬಂಗಲೆಯಲ್ಲಿ ಇನ್ನೂ ಇಂಗ್ಲಿಷ್ ಮ್ಯಾನೇಜರರೇ ಇದ್ದರು, ಆಳುಗಳು ಅವರನ್ನು ದೊರೆ ಎಂದೇ ಕರೆಯುತ್ತಿದ್ದರು. ಡಿಸೆಂಬರ್ ಎಂದರೆ ಕೊಯ್ಲಿನ ಕಾಲ. ಬೆಳಗಿನ ಮಂಜಿನಲ್ಲಿ ಮಸ್ಟರು, ಅಂದರೆ ಹಾಜರಿ, ಕರೆದು ಮುಗಿಸುವ ಹೊತ್ತಿಗೆ ಹೆಂಗಸರ ಸೆರಗು ಆಗಲೇ ಒದ್ದೆಯಾಗಿರುತ್ತಿತ್ತು. 25ನೆಯ ತಾರೀಖು ಮಾತ್ರ ಮಧ್ಯಾಹ್ನಕ್ಕೆ ಕೆಲಸ ನಿಲ್ಲಿಸಿ ಎಲ್ಲರೂ ಬಂಗಲೆಯ ಮುಂದೆ ಬರಬೇಕಿತ್ತು. ಗಂಡಸರದು ಒಂದು ಸಾಲು, ಹೆಂಗಸರದು ಇನ್ನೊಂದು, ಮಕ್ಕಳು ಎಲ್ಲರಿಗಿಂತ ಮುಂದೆ. ಮೆಟ್ಟಿಲ ಮೇಲೆ ದೊರೆಸಾನಿ, ಅವರ ಪಕ್ಕದಲ್ಲಿ ಮೇಜು, ಮೇಜಿನ ಮೇಲೆ ಬಣ್ಣದ ಕಾಗದದಲ್ಲಿ ಸುತ್ತಿದ ಕೇಕಿನ ತುಂಡುಗಳು, ಕೆಳಗೆ ಕಂಬಳಿಗಳ ರಾಶಿ. ಅಪ್ಪ ಮಸ್ಟರು ಪುಸ್ತಕ ಹಿಡಿದು ಒಂದೊಂದೇ ಹೆಸರು ಓದುತ್ತಿದ್ದರು. ಕರೆದವರು ಮುಂದೆ ಬಂದು, ಬಗ್ಗಿ, ಎರಡೂ ಕೈಗಳಲ್ಲಿ ಕಂಬಳಿ ತೆಗೆದುಕೊಂಡು, ಬೆನ್ನು ತಿರುಗಿಸದೆ ನಾಲ್ಕು ಹೆಜ್ಜೆ ಹಿಂದಕ್ಕೆ ನಡೆದು ಹೋಗುತ್ತಿದ್ದರು. ಅವರಲ್ಲಿ ಕ್ರೈಸ್ತರು ಹತ್ತು ಮಂದಿಯೂ ಇರಲಿಲ್ಲ. ಆದರೂ ಅದು ಎಲ್ಲರಿಗೂ ಕ್ರಿಸ್ಮಸ್.

ನಾನು ರೈಟರ ಮಗಳು. ನನ್ನನ್ನು ಸಾಲಿನಲ್ಲಿ ನಿಲ್ಲಿಸುತ್ತಿರಲಿಲ್ಲ. ಜಗಲಿಯ ಪಕ್ಕದಲ್ಲಿ ನಿಲ್ಲಿಸಿ, ಕೊನೆಗೆ ಮುಚ್ಚಳದ ಮೇಲೆ ಹಿಮ ಬಿದ್ದ ಊರಿನ ಚಿತ್ರವಿದ್ದ ತಗಡಿನ ಬಿಸ್ಕೆಟ್ ಡಬ್ಬಿಯೊಂದನ್ನು ಕೈಗಿಡುತ್ತಿದ್ದರು. ಆಳುಗಳ ಸಾಲುಮನೆಯ, ನಾವು ಲೈನ್ ಮನೆ ಎನ್ನುವುದರ, ಹುಡುಗಿಯೊಬ್ಬಳು, ಗಿಡದ ಬುಡದಲ್ಲಿ ಉದುರಿದ ಹಣ್ಣು ಹೆಕ್ಕುವಾಗ ನನ್ನ ಜೊತೆ ಆಡುತ್ತಿದ್ದವಳು, ತನ್ನ ಕೇಕಿನ ತುಂಡನ್ನು ತಿನ್ನದೆ ನನ್ನ ಡಬ್ಬಿಯನ್ನೇ ನೋಡುತ್ತಿದ್ದುದು ಈಗಲೂ ಕಣ್ಣ ಮುಂದಿದೆ. ಆ ಡಬ್ಬಿ ನನಗೆ ಎಷ್ಟು ಇಷ್ಟವಾಗಿತ್ತೆಂದರೆ ರಾತ್ರಿ ತಲೆಯ ಹತ್ತಿರ ಇಟ್ಟುಕೊಂಡು ಮಲಗಿದ್ದೆ. ಅದನ್ನು ಅವಳಿಗೆ ತೋರಿಸಬಾರದೆಂದು ಅಡಗಿಸಿಯೂ ಇಟ್ಟಿದ್ದೆ. ಸಂತೋಷ ಮತ್ತು ನಾಚಿಕೆ ಎರಡೂ ಒಟ್ಟಿಗೆ ಬರಬಹುದೆಂದು ನಾನು ತಿಳಿದದ್ದು ಆ ದಿನ.

ಬಹಳ ವರ್ಷಗಳ ನಂತರ, ಶಾಲೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ, 1951ರ ತೋಟ ಕಾರ್ಮಿಕರ ಕಾಯ್ದೆಯನ್ನು ಓದುವ ಸಂದರ್ಭ ಬಂತು. ಮಳೆ ಚಳಿಗಳಿಂದ ರಕ್ಷಣೆಗಾಗಿ ಕಾರ್ಮಿಕರಿಗೆ ಕೊಡೆ, ಕಂಬಳಿ, ಮಳೆಯಂಗಿಗಳನ್ನು ಒದಗಿಸಬೇಕೆಂದು ತೋಟದ ಮಾಲೀಕರಿಗೆ ನಿಯಮ ವಿಧಿಸುವ ಅಧಿಕಾರವನ್ನು ಆ ಕಾಯ್ದೆ ರಾಜ್ಯ ಸರ್ಕಾರಗಳಿಗೆ ಕೊಟ್ಟಿತ್ತು. ಕಂಬಳಿ ಎಂಬ ಮಾತು ಕಾಯ್ದೆಯಲ್ಲೇ ಇತ್ತು. ಆ ಸಾಲನ್ನು ಎರಡು ಸಲ ಓದಿದೆ. ಹಕ್ಕಿನ ಪಟ್ಟಿಯಲ್ಲಿ ಸೇರಬಹುದಾದ ವಸ್ತುವೊಂದು ಬಂಗಲೆಯ ಮೆಟ್ಟಿಲಿನಿಂದ ಇಳಿಯುವಾಗ ಕೃಪೆಯಾಗಿ ಬರುತ್ತಿತ್ತು, ಅದನ್ನು ತೆಗೆದುಕೊಂಡವರು ಬೆನ್ನು ತಿರುಗಿಸದೆ ಹಿಂದಕ್ಕೆ ನಡೆಯುತ್ತಿದ್ದರು, ಹೆಸರು ಓದುತ್ತಿದ್ದವರು ನನ್ನ ಅಪ್ಪ. ಅಂದಿನಿಂದ ಕ್ರಿಸ್ಮಸ್ ಎಂಬ ಹೆಸರು ಕೇಳಿದರೆ ನನ್ನ ಮನಸ್ಸಿನಲ್ಲಿ ಮೊದಲು ಬರುವುದು ಅಂಗಳದ ಆ ಸಾಲು.

ಇಷ್ಟೇ ಆಗಿದ್ದರೆ ಈ ಹಬ್ಬವನ್ನು ನಾನು ದೂರವೇ ಇಡುತ್ತಿದ್ದೆನೇನೋ. ಆದರೆ ಅದೇ ತೋಟದಲ್ಲಿ ಇನ್ನೊಂದು ಕ್ರಿಸ್ಮಸ್ ಕೂಡ ಇತ್ತು. ತೋಟದ ಔಷಧಾಲಯದ ಕಂಪೌಂಡರರ ಹೆಂಡತಿಯನ್ನು ನಾವು ಬಾಯಮ್ಮ ಎನ್ನುತ್ತಿದ್ದೆವು. ಕೊಂಕಣಿ ಮಾತನಾಡುವ ಕೆಥೋಲಿಕರು, ಮಂಗಳೂರು ಕಡೆಯಿಂದ ಬಂದವರು. ಅವರ ಮನೆಯಲ್ಲಿ ಹಬ್ಬದ ಹೆಸರು ನತಾಲಾಂ. ಡಿಸೆಂಬರ್ ಎರಡನೆಯ ವಾರದಿಂದಲೇ ಅವರ ಅಡುಗೆಮನೆಯಿಂದ ಎಣ್ಣೆ ಕಾದ ವಾಸನೆ ಬರುತ್ತಿತ್ತು. ಎಳ್ಳು, ಬೆಲ್ಲ, ಕಾಯಿತುರಿಯ ಹೂರಣ ತುಂಬಿದ ನೆವ್ರಿ, ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಮಾಡಿದ ಕುಲ್‌ಕುಲ್, ಅಚ್ಚಿನಿಂದ ಎಣ್ಣೆಗೆ ಬಿಡುವ ಹೂವಿನಾಕಾರದ ರೋಸ್ ಕುಕ್ಕೀಸ್, ಅಕ್ಕಿಹಿಟ್ಟಿನ ಗುಳಿಯೊ: ಎಲ್ಲ ಸೇರಿ ಕುಸ್ವಾರ್. ಬಿಳಿ ಪಿಂಗಾಣಿ ತಟ್ಟೆಯಲ್ಲಿ ಜೋಡಿಸಿ, ಕಸೂತಿ ಬಟ್ಟೆ ಮುಚ್ಚಿ, ಬಾಯಮ್ಮ ತಾವೇ ತಂದು ಕೊಡುತ್ತಿದ್ದರು. ಸಾಲಿಲ್ಲ, ಹೆಸರು ಕರೆಯುವುದಿಲ್ಲ. ಅವ್ವ ಬಾಗಿಲ ತನಕ ಹೋಗಿ ತಟ್ಟೆ ತೆಗೆದುಕೊಂಡು ಒಳಗೆ ಕರೆದು ಕೂರಿಸುತ್ತಿದ್ದರು. ತಟ್ಟೆಯನ್ನು ಖಾಲಿ ಹಿಂದಿರುಗಿಸಬಾರದೆಂಬುದು ಅವ್ವನ ನಿಯಮ. ಬಾಳೆಹಣ್ಣೋ ಹುತ್ತರಿಯ ಹೊಸ ಅಕ್ಕಿಯೋ ಅದರಲ್ಲಿ ಹೋಗುತ್ತಿತ್ತು.

ಆದರೆ ನಮ್ಮ ಅಜ್ಜಿ ಆ ತಟ್ಟೆಯಿಂದ ಏನನ್ನೂ ಮುಟ್ಟುತ್ತಿರಲಿಲ್ಲ. ಅವರ ಒಲೆಯಲ್ಲಿ ಮಾಡಿದ್ದು ಎಂಬುದೊಂದೇ ಕಾರಣ. ಬಾಯಮ್ಮ ಎದುರಿಗಿದ್ದಾಗ ನಗುನಗುತ್ತಾ ಮಾತನಾಡಿ, ಅವರು ಹೋದ ಮೇಲೆ ಮಕ್ಕಳು ಹೊರಗೆ ಜಗಲಿಯಲ್ಲೇ ತಿಂದು ಕೈ ತೊಳೆದು ಒಳಗೆ ಬರಬೇಕೆನ್ನುತ್ತಿದ್ದರು. ಬಾಯಮ್ಮನಿಗೆ ಇದು ಗೊತ್ತಿರಲಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಗೊತ್ತಿತ್ತು. ಗೊತ್ತಿದ್ದೂ ಪ್ರತಿ ವರ್ಷ ತಂದರು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಹಬ್ಬದ ಬಗ್ಗೆ ಎರಡು ಮನಸ್ಸು ನನ್ನೊಬ್ಬಳದಲ್ಲ, ಕ್ರೈಸ್ತ ಲೋಕದಲ್ಲೇ ಅದು ಹಳೆಯದು. ಯೇಸು ಹುಟ್ಟಿದ ದಿನ ಯಾವುದೆಂದು ಸುವಾರ್ತೆಗಳು ಹೇಳುವುದಿಲ್ಲ. ಡಿಸೆಂಬರ್ 25ರ ಆಚರಣೆಯ ಮೊದಲ ಖಚಿತ ದಾಖಲೆ ರೋಮಿನದು, ಅದು 336ನೆಯ ಇಸವಿಗೆ ಸೇರಿದ್ದು. ಇಂಗ್ಲೆಂಡಿನಲ್ಲಿ ಪ್ಯೂರಿಟನ್ನರೆಂಬ ಕಟ್ಟುನಿಟ್ಟಿನ ಪ್ರಾಟೆಸ್ಟಂಟರ ಸಂಸತ್ತು 1647ರಲ್ಲಿ ಕ್ರಿಸ್ಮಸ್ ಆಚರಣೆಯನ್ನೇ ನಿಷೇಧಿಸಿತು. ಅಮೆರಿಕದ ಮೆಸಾಚುಸೆಟ್ಸಿನಲ್ಲಿ 1659ರಿಂದ 1681ರವರೆಗೆ ಹಬ್ಬ ಮಾಡಿದವರಿಗೆ ಐದು ಷಿಲಿಂಗ್ ದಂಡವಿತ್ತು. ಆ ದಂಡ ಹಾಕಿದವರು ನಾಸ್ತಿಕರಲ್ಲ, ಬೈಬಲ್ಲಿನಲ್ಲಿ ಇಲ್ಲದ ಹಬ್ಬವನ್ನು ಕುಡಿತ ಮತ್ತು ಗದ್ದಲದ ನಡುವೆ ಆಚರಿಸುವುದು ಭಕ್ತಿಯಲ್ಲ ಎಂದು ನಂಬಿದ್ದ ಕಟ್ಟಾ ವಿಶ್ವಾಸಿಗಳು. ಇನ್ನೊಂದು ಕಡೆ, 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ನಿಜವಾದ ಹುಲ್ಲು, ನಿಜವಾದ ಎತ್ತು, ಕತ್ತೆಗಳನ್ನು ತರಿಸಿ ಯೇಸುವಿನ ಜನನದ ದೃಶ್ಯವನ್ನು ಗುಡ್ಡದ ಗವಿಯಲ್ಲಿ ಏರ್ಪಡಿಸಿದರು. ಬಡತನದಲ್ಲಿ ನಡೆದ ಜನನವೊಂದನ್ನು ಬಡವರ ಕಣ್ಣಿಗೆ ಕಾಣುವಂತೆ ಮಾಡಬೇಕೆಂಬುದು ಅವರ ಆಸೆ. ನಾವು ಇಂದು ಮಾಡುವ ಗೋದಲಿಗೆ ಬೇರು ಅಲ್ಲಿದೆ.

ಗೋದಲಿ ಎಂಬ ಪದದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಕನ್ನಡದ ಅಧ್ಯಾಪಕಿಯಾಗಿ ನನ್ನಿಂದ ಆಗುವುದಿಲ್ಲ. ಅದು ಕೊಟ್ಟಿಗೆಯಲ್ಲಿ ದನಗಳಿಗೆ ಮೇವು ಹಾಕುವ ಜಾಗದ ಹೆಸರು. ಉತ್ತರ ಕರ್ನಾಟಕದ ರೈತರ ಬಾಯಲ್ಲಿ ಇಂದಿಗೂ ಗ್ವಾದಲಿ. ಲೂಕನ ಸುವಾರ್ತೆಯ ಪ್ರಕಾರ, ಛತ್ರದಲ್ಲಿ ಜಾಗ ಸಿಗದೆ ತಾಯಿ ತನ್ನ ಮಗುವನ್ನು ಮಲಗಿಸಿದ್ದು ಅಂಥದ್ದರಲ್ಲೇ. ಒಳಗೆ ಸ್ಥಳವಿಲ್ಲ ಎಂದು ಹೇಳಿಸಿಕೊಂಡವರ ಮನೆಯ ಕೂಸು ಅದು. ಬಂಗಲೆಯ ಅಂಗಳದಲ್ಲಿ ನಾನು ಕಂಡ ಹಬ್ಬ ಯಾರ ಹುಟ್ಟುಹಬ್ಬವಾಗಿತ್ತು ಎಂಬುದು ನನಗೆ ಅರ್ಥವಾದದ್ದು ಈ ಒಂದು ಪದವನ್ನು ತರಗತಿಯಲ್ಲಿ ವಿವರಿಸುವಾಗ.

ಕೊಡಗಿನ ಕ್ರೈಸ್ತರ ಕಥೆಯೂ ಸ್ಥಳ ಕೇಳಿಕೊಂಡು ಬಂದವರ ಕಥೆಯೇ. 1784ರಲ್ಲಿ ಟಿಪ್ಪು ಸುಲ್ತಾನರು ಕರಾವಳಿಯ ಕೆಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಕೊಡಗಿನವರೂ ಅದೇ ಸೆರೆಯನ್ನು ಕಂಡವರು. ಅಲ್ಲಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ನೆಲೆ ಕೊಟ್ಟವರು ಲಿಂಗಾಯತರಾದ, ಹಾಲೇರಿ ವಂಶದ ಕೊಡಗಿನ ಅರಸ ದೊಡ್ಡವೀರರಾಜೇಂದ್ರರು. ಅವರ ಹೆಸರನ್ನೇ ಹೊತ್ತ ಈ ಪೇಟೆ ಮತ್ತು ಇಲ್ಲಿನ ಇಗರ್ಜಿ ಎರಡೂ 1792ಕ್ಕೆ ಸೇರಿದವು. ಮಡಿಕೇರಿಯ ಕೋಟೆಯೊಳಗೆ ಬ್ರಿಟಿಷರು ತಮಗಾಗಿ ಕಟ್ಟಿಕೊಂಡ ಚರ್ಚು ಈಗ ವಸ್ತುಸಂಗ್ರಹಾಲಯ, ಅಲ್ಲಿ ಕ್ರಿಸ್ಮಸ್ ನಡೆಯುವುದಿಲ್ಲ. ನಿರಾಶ್ರಿತರ ಚರ್ಚಿನಲ್ಲಿ ಮಾತ್ರ ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ನಡೆಯುತ್ತಿದೆ. ಕೋಟೆಗೆ ಹೋದಾಗಲೆಲ್ಲ ನಾನು ಇದನ್ನು ನೆನೆಯುತ್ತೇನೆ.

ಅಮ್ಮತ್ತಿಯ ಕಡೆಯ ಆನಂದಪುರದ ವಿಷಯ ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತದೆ. 1843ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೆಗಳ ಚರಿತ್ರೆಯನ್ನು ಆರಂಭಿಸಿದ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗರು 1850ರ ದಶಕದಲ್ಲಿ ಕೊಡಗಿಗೆ ಬಂದು ನೆಲೆಸಿ, ಅಲ್ಲಿ ಒಂದು ಪುಟ್ಟ ಊರು ಕಟ್ಟಿದರು. ಅವರ ಜೊತೆ ಅಲ್ಲಿ ನೆಲೆಸಿದವರಲ್ಲಿ ಹೆಚ್ಚಿನವರು ಹೊಲೆಯರೆಂದು ಊರ ಹೊರಗೆ ಇಡಲ್ಪಟ್ಟಿದ್ದವರು. ಜಮ್ಮ ಎಂಬ ವಂಶಪಾರಂಪರ್ಯದ ಭೂಮಿಯ ಜೊತೆಗೆ ಆಳುಗಳೂ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತಿದ್ದ ನಾಡು ನಮ್ಮದು. 1843ರ ಕಾನೂನು ಗುಲಾಮಗಿರಿಗೆ ಇದ್ದ ಮಾನ್ಯತೆಯನ್ನು ತೆಗೆದುಹಾಕಿದ್ದರೂ ಗದ್ದೆಯ ಬದುವಿನಲ್ಲಿ ನಿಂತವರಿಗೆ ಅದು ತಲುಪಲು ಬಹಳ ಕಾಲ ಹಿಡಿಯಿತು. ಮೋಗ್ಲಿಂಗರ ಧರ್ಮಪ್ರಚಾರದ ಬಗ್ಗೆ ನನಗೆ ತಕರಾರುಗಳಿವೆ. ನಮ್ಮ ದೈವಗಳನ್ನೂ, ಕಾರಣವರೆಂದು ನಾವು ಪೂಜಿಸುವ ಗತಿಸಿದ ಹಿರಿಯರನ್ನೂ ಆ ಕಾಲದ ಮಿಷನರಿಗಳು ಬರೆದ ಬಗೆಯನ್ನು ಓದಿ ನೊಂದುಕೊಂಡಿದ್ದೇನೆ. ಆದರೆ ಅದುವರೆಗೆ ಯಾವ ಮನೆಯ ಹೊಸ್ತಿಲನ್ನೂ ದಾಟದ ಹೆಂಗಸೊಬ್ಬಳು ಆನಂದಪುರದ ಕ್ರಿಸ್ಮಸ್ಸಿನಲ್ಲಿ ಸೂರಿನಡಿ ಎಲ್ಲರ ಜೊತೆ ಕುಳಿತಾಗ ಅವಳಿಗೆ ಏನನ್ನಿಸಿರಬಹುದೆಂದು ಯೋಚಿಸಿದರೆ, ನನ್ನ ತಕರಾರನ್ನು ಅವಳ ಮುಂದೆ ಹೇಳುವ ಧೈರ್ಯ ನನಗೆ ಬರುವುದಿಲ್ಲ.

ಇದನ್ನು ಯೋಚಿಸುವಾಗಲೇ ನಮ್ಮ ಮನೆಯ ಹುತ್ತರಿ ನೆನಪಿಗೆ ಬಂತು. ಬಂಗಲೆಯ ಸಾಲಿನ ಬಗ್ಗೆ ಎಷ್ಟೋ ವರ್ಷ ಕೋಪ ಇಟ್ಟುಕೊಂಡಿದ್ದ ನನಗೆ ಇದು ಇಷ್ಟು ತಡವಾಗಿ ನೆನಪಾದದ್ದೇಕೆ ಎಂಬುದಕ್ಕೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ. ಹುತ್ತರಿಯ ರಾತ್ರಿ ಅಪ್ಪ ನಮ್ಮನ್ನೆಲ್ಲ ಊರಿನ ಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಗದ್ದೆಯಲ್ಲಿ ಕದಿರು ತೆಗೆದು, ಗುಂಡು ಹಾರಿಸಿ, ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತಾ ಬೆಳದಿಂಗಳಲ್ಲಿ ಮನೆಗೆ ಬರುವ ಆ ಗಳಿಗೆಗಿಂತ ದೊಡ್ಡ ಸಂತೋಷ ನನ್ನ ಬಾಲ್ಯದಲ್ಲಿ ಇನ್ನೊಂದಿಲ್ಲ. ಆ ಗದ್ದೆಯನ್ನು ಉತ್ತವರು, ನಾಟಿ ಮಾಡಿದವರು, ಕೊಯ್ಯಬೇಕಾದವರು ಮಾತ್ರ ಅಂಗಳದ ಅಂಚಿನಲ್ಲಿ, ಕಲ್ಲಿನ ಮೆಟ್ಟಿಲ ಕೆಳಗೆ ನಿಂತಿರುತ್ತಿದ್ದರು. ಅವರಿಗೂ ಹಬ್ಬದ ಪಾಲು ಇತ್ತು. ಅದನ್ನು ಯಾರೂ ಮರೆಯುತ್ತಿರಲಿಲ್ಲ. ಅಜ್ಜಿ ಅಕ್ಕಿಯನ್ನೂ ತಂಬಿಟ್ಟನ್ನೂ ಮೇಲಿನಿಂದ ಅವರು ಒಡ್ಡಿದ ಬಟ್ಟೆಗೆ ಸುರಿಯುತ್ತಿದ್ದರು, ಕೈಗೆ ಕೈ ತಾಗದ ಹಾಗೆ. ದೊರೆಸಾನಿಯಾದರೂ ಕಂಬಳಿಯನ್ನು ಕೈಯಲ್ಲಿ ಕೊಟ್ಟಿದ್ದರು. ಇದನ್ನು ಹೇಳುವಾಗ ನನ್ನ ಅಜ್ಜಿಯ ಮೇಲಿನ ಪ್ರೀತಿ ಕಡಿಮೆಯಾಗುವುದಿಲ್ಲ. ಆದರೆ ಕ್ರಿಸ್ಮಸ್ಸನ್ನು ದೊರೆಗಳ ಹಬ್ಬ ಎಂದು ಕರೆಯುವ ಅಧಿಕಾರ ನನಗಿದೆ ಎಂದು ಈಗ ನಾನು ಭಾವಿಸುವುದಿಲ್ಲ.

ದೇವಾಲಯದ ಕೊನೆಯ ಬೆಂಚಿಗೆ ಬರುತ್ತೇನೆ. ಕ್ರಿಸ್ಮಸ್ ಹಿಂದಿನ ವಾರ ನನ್ನ ಇಬ್ಬರು ಮೊಮ್ಮಕ್ಕಳು ಮರಗಳ ಬುಡದಿಂದ ಪಾಚಿ ಎಬ್ಬಿಸಿ ತರುತ್ತಾರೆ, ಜರಿಗಿಡ ತರುತ್ತಾರೆ. ಮನೆಯಲ್ಲಿ ಗೋದಲಿ ಕಟ್ಟುವಾಗ ಕುರುಬರನ್ನು ಎಲ್ಲಿ ನಿಲ್ಲಿಸಬೇಕೆಂದು ನನ್ನನ್ನೇ ಕೇಳುತ್ತಾರೆ. ಗಾಳಿಮರದ ಕೊಂಬೆಗೆ ನಕ್ಷತ್ರ ಕಟ್ಟುವುದು ನನ್ನ ಮಗನ ಕೆಲಸ. ಇದರಲ್ಲೆಲ್ಲ ನನಗೆ ಯಾವ ಅಳುಕೂ ಇಲ್ಲ. ಅಳುಕು ಬರುವುದು ಬಲಿಪೂಜೆ ಎಂದು ಅವರು ಕರೆಯುವ ಆರಾಧನೆಯ ನಡುವೆ, ಪರಮಪ್ರಸಾದವಾಗಿ ಪವಿತ್ರ ರೊಟ್ಟಿಯ ತುಣುಕು ಹಂಚುವ ಹೊತ್ತಿಗೆ. ಬೆಂಚಿನಲ್ಲಿದ್ದವರೆಲ್ಲ ಎದ್ದು ಸಾಲಾಗಿ ಮುಂದಕ್ಕೆ ಹೋಗುತ್ತಾರೆ, ನಾನು ಮಂಡಿ ಒಳಕ್ಕೆಳೆದುಕೊಂಡು ಅವರಿಗೆ ದಾರಿ ಬಿಡುತ್ತೇನೆ. ಪ್ರಸಾದ ವಿಶ್ವಾಸಿಗಳಿಗೆ, ನನಗೆ ಆ ವಿಶ್ವಾಸವಿಲ್ಲ. ಸೊಸೆ ಒಮ್ಮೆಯೂ ನನ್ನನ್ನು ಒತ್ತಾಯಿಸಿಲ್ಲ. ಆದರೆ ಆರು ವರ್ಷದ ಮೊಮ್ಮಗಳು ಒಂದು ಸಲ ಸಾಲಿನಿಂದ ತಿರುಗಿ ನೋಡಿ, ‘ಅಜ್ಜಿ, ನೀವೂ ಬನ್ನಿ’ ಎಂದು ಕೈ ಬೀಸಿದಳು. ಆ ಕ್ಷಣದಲ್ಲಿ ಎದ್ದು ಹೋಗಬೇಕೆಂದೂ ಅನ್ನಿಸಿತು, ಹಾಗೆ ಹೋದರೆ ಅವರ ದೇವರಿಗೂ ನಮ್ಮ ಕಾರಣವರಿಗೂ ಸುಳ್ಳು ಹೇಳಿದಂತಾಗುತ್ತದೆ ಎಂದೂ ಅನ್ನಿಸಿತು. ಕುಳಿತೇ ಇದ್ದೆ.

ಕುಳಿತಲ್ಲಿಂದ ಆ ಸಾಲನ್ನು ನೋಡುತ್ತಿರುತ್ತೇನೆ. ನೂರು ಎಕರೆ ತೋಟದ ಯಜಮಾನರ ಹಿಂದೆಯೇ ಲೈನ್ ಮನೆಯ ಹೆಂಗಸು, ಅವಳ ಹಿಂದೆ ಬ್ಯಾಂಕಿನ ಅಧಿಕಾರಿ. ಎಲ್ಲರದೂ ಒಂದೇ ಬಗೆಯಲ್ಲಿ ಚಾಚಿದ ಅಂಗೈ, ಎಲ್ಲರಿಗೂ ಅಷ್ಟೇ ಗಾತ್ರದ ತುಣುಕು. ಪೂಜೆ ಮುಗಿದ ಮೇಲೆ ಒಬ್ಬರು ಕಾರಿನಲ್ಲಿ ಹೋಗುತ್ತಾರೆ, ಇನ್ನೊಬ್ಬರು ಚಳಿಯಲ್ಲಿ ಜೀಪಿಗಾಗಿ ಕಾಯುತ್ತಾರೆ, ಅದನ್ನೂ ನೋಡಿದ್ದೇನೆ. ಭಾರತದ ಕ್ರೈಸ್ತರಲ್ಲಿ ಜಾತಿ ಅಳಿದಿಲ್ಲವೆಂಬುದನ್ನು, ಕೆಲವು ಕಡೆ ಸ್ಮಶಾನಗಳಲ್ಲಿ ಕೂಡ ಗೋಡೆಗಳಿವೆಯೆಂಬುದನ್ನು ದಲಿತ ಕ್ರೈಸ್ತರೇ ನೋವಿನಿಂದ ಹೇಳುತ್ತಾ ಬಂದಿದ್ದಾರೆ. ಆದರೂ ಆ ಕೆಲವು ನಿಮಿಷಗಳ ಸಾಲು ನನ್ನ ಬಾಲ್ಯದ ಸಾಲಿಗೆ ಎದುರಾಗಿ ನಿಲ್ಲುತ್ತದೆ. ನಾನು ಸೇರಲಾರದ ಸಾಲೊಂದು ನನ್ನನ್ನು ಇಷ್ಟು ಸಮಾಧಾನಗೊಳಿಸುವುದು ನನಗೆ ಇನ್ನೂ ಆಶ್ಚರ್ಯವಾಗಿಯೇ ಉಳಿದಿದೆ.

ಪ್ರವಾಸಿಗಳ ಕ್ರಿಸ್ಮಸ್ ಬಗ್ಗೆಯೂ ಮಾತನಾಡಿ ಎಂದು ಸಂಘಟಕರು ಹೇಳಿದ್ದರು. ಡಿಸೆಂಬರ್ ಕೊನೆಯ ವಾರ ಮಡಿಕೇರಿಯ ರಸ್ತೆಗಳು ಕಟ್ಟಿಹೋಗುವುದು, ಹೋಂಸ್ಟೇಗಳು ತುಂಬುವುದು ನಿಮಗೆ ತಿಳಿದದ್ದೇ. ಅದು ರಜೆ; ಹಬ್ಬದ ಹೆಸರನ್ನು ಎರವಲು ಪಡೆದಿದೆ ಅಷ್ಟೆ. ನನ್ನ ಮನಸ್ಸನ್ನು ಅದು ಹೆಚ್ಚು ಕಲಕುವುದಿಲ್ಲ.

ನನ್ನನ್ನು ಕಲಕಿದ್ದು ಬೇರೆ. ಅಪ್ಪ ತೀರಿಕೊಂಡ ಮೇಲೆ ನಮಗೆ ಉಳಿದಿರುವುದು ನಾಲ್ಕು ಎಕರೆ ರೋಬಸ್ಟಾ ಕಾಫಿ. ಈಗ ಕೊಡಗಿನ ಬಹಳ ತೋಟಗಳಲ್ಲಿರುವಂತೆ ನಮ್ಮಲ್ಲೂ ಕೊಯ್ಲಿಗೆ ಬರುವವರು ಅಸ್ಸಾಮಿನವರು. ಎರಡು ಸಂಸಾರಗಳು, ಎರಡೂ ಕ್ರೈಸ್ತ ಆದಿವಾಸಿ ಸಂಸಾರಗಳು. ಕಳೆದ ವರ್ಷ ಡಿಸೆಂಬರ್ 23ರಂದು ಅವರಲ್ಲಿ ಹಿರಿಯ ಹೆಂಗಸು ಬಂದು, ‘ಅಮ್ಮಾ, ಎರಡು ದಿನ ರಜೆ ಬೇಕು’ ಎಂದು ತನಗೆ ಬರುವಷ್ಟು ಕನ್ನಡದಲ್ಲಿ ಕೇಳಿದಳು. ಆ ವರ್ಷ ಹಣ್ಣು ಬೇಗ ತಿರುಗಿತ್ತು, ಮೋಡವೂ ಇತ್ತು. ಮಳೆ ಬಿದ್ದರೆ ಹಣ್ಣು ಉದುರುತ್ತದೆ, ಕಣದಲ್ಲಿ ಹರಡಿದ್ದು ಕೊಳೆಯುತ್ತದೆ. ನಾನು ಲೆಕ್ಕ ಹಾಕಿ, ‘25ಕ್ಕೆ ಮಧ್ಯಾಹ್ನದ ಮೇಲೆ ಬಿಡುತ್ತೇನೆ’ ಎಂದೆ. ಅವಳು ತಲೆಯಾಡಿಸಿ ಹೋದಳು. ಮರುದಿನ ರಾತ್ರಿ ಕೊನೆಯ ಬೆಂಚಿನಲ್ಲಿ ಕುಳಿತಾಗ ತಿಳಿಯಿತು, ಮಧ್ಯಾಹ್ನಕ್ಕೆ ಕೆಲಸ ನಿಲ್ಲಿಸುತ್ತಿದ್ದವರು ಯಾರೆಂದು. ವಿಶ್ವಾಸವಿಲ್ಲದ ನಾನು ಬೆಚ್ಚಗೆ ದೇವಾಲಯದಲ್ಲಿದ್ದೆ, ವಿಶ್ವಾಸವಿದ್ದ ಅವರು ಬೆಳಿಗ್ಗೆ ಏಳಕ್ಕೆ ನನ್ನ ಗಿಡಗಳ ಮುಂದೆ ನಿಲ್ಲಬೇಕಾಗಿತ್ತು. ಬೆಳಿಗ್ಗೆ ಹೋಗಿ ಕೆಲಸ ಬೇಡವೆಂದೆ. ಆದರೆ ರಾತ್ರಿಯ ಪೂಜೆ ಅವರಿಗೆ ತಪ್ಪಿಹೋಗಿತ್ತು. ಅದನ್ನು ನಾನು ಹಿಂದಕ್ಕೆ ಕೊಡಲಾರೆ.

ಈ ವರ್ಷ ಕೊಯ್ಲು ಶುರುವಾಗುವ ಮೊದಲೇ ಹಾಜರಿ ಪುಸ್ತಕದಲ್ಲಿ ಡಿಸೆಂಬರ್ 24 ಮತ್ತು 25ರ ಮುಂದೆ ಸಂಬಳ ಸಹಿತ ರಜೆ ಎಂದು ಬರೆದು ಅವರಿಗೆ ತೋರಿಸಿದೆ. ಕಂಬಳಿಗಳನ್ನು ಮಳೆಗಾಲದ ಮೊದಲು, ಬೂಟು ಕೊಡೆಗಳ ಜೊತೆಯಲ್ಲಿ, ಕೊಟ್ಟು ಮುಗಿಸಿದ್ದೇನೆ. ಮೊನ್ನೆ ಆ ಹೆಂಗಸು ಬಂದು, 25ರ ಮಧ್ಯಾಹ್ನ ತಮ್ಮ ಲೈನಿನಲ್ಲಿ ಅಡುಗೆ ಮಾಡುತ್ತೇವೆ, ನೀವು ಊಟಕ್ಕೆ ಬರಬೇಕು ಎಂದಳು. ಇಷ್ಟು ವರ್ಷಗಳಲ್ಲಿ ನನ್ನದೇ ತೋಟದ ಲೈನ್ ಮನೆಯೊಳಗೆ ನಾನು ಕುಳಿತು ಉಂಡದ್ದಿಲ್ಲ. ಬರುತ್ತೇನೆ ಎಂದಿದ್ದೇನೆ. ಏನು ತೆಗೆದುಕೊಂಡು ಹೋಗಬೇಕೆಂದು ಸೊಸೆಯನ್ನು ಕೇಳಿದೆ. ಬಾಯಮ್ಮನ ಮನೆಯವರು ತೋಟ ಬಿಟ್ಟು ಹೋದ ವರ್ಷ ನಮ್ಮಲ್ಲೇ ಉಳಿದ ಪಿಂಗಾಣಿ ತಟ್ಟೆಯೊಂದಿದೆ, ಅಂಚು ಸ್ವಲ್ಪ ಕಿತ್ತುಹೋಗಿದೆ. ಅದನ್ನು ಅವಳು ತೊಳೆದು ಇಟ್ಟಿದ್ದಾಳೆ. ನಾಳೆ ಬೆಳಿಗ್ಗೆ ನೆವ್ರಿ ಮಾಡಲು ಕೂರಬೇಕು, ಕಾಯಿ ನಾನು ತುರಿದು ಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ.